ಗತವೈಭವ ಸಾಕೇ? ಕುರುಡುಮಲೆಯ ಕಡೆಯಿಂದ ಒಂದು ಮರು ಓದು

ಪ್ರತಿ ವರ್ಷ ನವೆಂಬರ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳ ಅಂಗಳದಲ್ಲಿ ಕದಂಬರ ಮಯೂರವರ್ಮ, ಚಾಲುಕ್ಯರ ಪುಲಕೇಶಿ, ರಾಷ್ಟ್ರಕೂಟರ ನೃಪತುಂಗ, ವಿಜಯನಗರದ ಕೃಷ್ಣದೇವರಾಯ ಇವರೆಲ್ಲರೂ ಕಾಗದದ ಕಿರೀಟ ತೊಟ್ಟು, ರಟ್ಟಿನ ಖಡ್ಗ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹೆತ್ತವರು ನೋಡಿ ಹಿಗ್ಗುತ್ತಾರೆ. ಕನ್ನಡ ನಾಡನ್ನು ಅದರ ಅರಸುಮನೆತನಗಳ ಮೂಲಕವೇ ನೆನೆಯುವ ಈ ರೂಢಿಯ ಹಿಂದೆ ಒಂದು ಪುಸ್ತಕದ ಪ್ರಭಾವ ದೊಡ್ಡದು. ಅದು ಆಲೂರು ವೆಂಕಟರಾಯರು 1917ರಲ್ಲಿ ಹೊರತಂದ ‘ಕರ್ನಾಟಕ ಗತವೈಭವ’. ಪುಸ್ತಕ ಬಂದು ನೂರು ವರ್ಷಗಳ ಮೇಲಾಯಿತು. ಅದನ್ನು ಹೊಗಳಿದವರು ಅನೇಕರು. ಆದರೆ ಪೂರ್ಣ ಓದಿ, ಪ್ರೀತಿಯಿಂದಲೇ ಪ್ರಶ್ನಿಸಿದವರು ಕಡಿಮೆ. ಧಾರವಾಡದಿಂದ ಬಹು ದೂರದಲ್ಲಿ, ನಾಡಿನ ಪೂರ್ವದ ಅಂಚಿನಲ್ಲಿರುವ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಕಡೆಯಿಂದ ಆ ಪುಸ್ತಕವನ್ನು ನೋಡಿದರೆ ಹೇಗೆ ಕಾಣಿಸೀತು ಎಂದು ಪರಿಶೀಲಿಸುವುದು ಈ ಬರಹದ ಉದ್ದೇಶ.

ಹರಿದು ಹಂಚಿಹೋದ ಜನ

ಒಂದು ಸಾಮ್ರಾಜ್ಯದ ಅಧೀನದಲ್ಲಿ ಬೇರೆಬೇರೆಯಾಗಿ ಬಾಳಿದ ಜನ ಹೇಗೆ ಒಂದಾಗುತ್ತಾರೆ? ಇದು ನಮಗೊಬ್ಬರಿಗೇ ಎದುರಾದ ಪ್ರಶ್ನೆಯಲ್ಲ. ಅಮೆರಿಕದ ಬ್ರಿಟಿಷ್ ವಸಾಹತುಗಳು ಒಂದಾಗಬೇಕೆಂಬ ಯೋಜನೆಯನ್ನು ಬೆಂಜಮಿನ್ ಫ್ರಾಂಕ್ಲಿನ್ 1754ರಲ್ಲಿ ಮುಂದಿಟ್ಟಾಗ ಅಲ್ಲಿನ ಶಾಸನಸಭೆಗಳು ಅದನ್ನು ಒಪ್ಪಲಿಲ್ಲ. ಒಂದೊಂದಕ್ಕೂ ತನ್ನ ಸಭೆ, ತನ್ನ ತೆರಿಗೆ, ತನ್ನ ಗಡಿ ಮುಖ್ಯವಾಗಿತ್ತು. ಇಂಗ್ಲೆಂಡಿನ ತೆರಿಗೆಯ ಭಾರ ಎಲ್ಲರ ಬೆನ್ನ ಮೇಲೂ ಬಿದ್ದ ನಂತರ, 1774ರಲ್ಲಿ ಹದಿಮೂರು ವಸಾಹತುಗಳ ಪೈಕಿ ಹನ್ನೆರಡರ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. 1776ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿದರು. ಅವರನ್ನು ಕೂಡಿಸಿದ್ದು ಹಿಂದಿನ ವೈಭವವಲ್ಲ. ಎಲ್ಲರೂ ಒಟ್ಟಾಗಿ ಅನುಭವಿಸಿದ ಅನ್ಯಾಯ. ಆದರೂ ಅವರ ಐಕ್ಯದಲ್ಲಿ ಕಪ್ಪುಜನರಾದ ಗುಲಾಮರಿಗೆ ಸ್ಥಾನವಿರಲಿಲ್ಲ. ಆ ಗುಲಾಮಗಿರಿ ಕಾನೂನಿನಿಂದ ತೊಲಗಲು 1865ರವರೆಗೆ ಕಾಯಬೇಕಾಯಿತು. ಸ್ವಾತಂತ್ರ್ಯದ ಯಾವ ಕಥೆಯನ್ನೇ ಆಗಲಿ, ಅದರಲ್ಲಿ ಯಾರು ಸೇರಿದ್ದಾರೆ, ಯಾರು ಹೊರಗುಳಿದಿದ್ದಾರೆ ಎಂದು ವಿಚಾರಿಸದೆ ಒಪ್ಪುವಂತಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡಿಗರ ಸ್ಥಿತಿ ಅಮೆರಿಕದವರಿಗಿಂತಲೂ ತೊಡಕಿನದಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮುಂದಿನ ದಶಕಗಳಲ್ಲಿ ಕನ್ನಡ ನೆಲ ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದಿನ ನಿಜಾಮರ ರಾಜ್ಯ, ಮೈಸೂರು ಸಂಸ್ಥಾನ, ಕೊಡಗು ಎಂದು ಹಂಚಿಹೋಯಿತು. ಇವುಗಳ ನಡುವೆ ಸೊಂಡೂರು, ಸವಣೂರು, ಜಮಖಂಡಿ, ಮುಧೋಳದಂತಹ ಚಿಕ್ಕ ಸಂಸ್ಥಾನಗಳೂ ಇದ್ದವು. ಒಂದೆಡೆ ಮರಾಠಿಯ, ಇನ್ನೊಂದೆಡೆ ಉರ್ದುವಿನ, ಮತ್ತೊಂದೆಡೆ ತಮಿಳಿನ ನೆರಳಿನಲ್ಲಿ ಕನ್ನಡ ಬದುಕಬೇಕಾಯಿತು. ಎಲ್ಲ ಕನ್ನಡಿಗರನ್ನು ಒಳಗೊಂಡ ಒಂದು ಪ್ರಾಂತವೇ ಭೂಪಟದಲ್ಲಿರಲಿಲ್ಲ. ಧಾರವಾಡದವನಿಗೆ ಮುಳಬಾಗಿಲಿನವನು ಪರರಾಜ್ಯದ ಪ್ರಜೆ. ಇವರಿಬ್ಬರಿಗೂ ಸಮಾನವಾದ ಆಡಳಿತದ ಕಷ್ಟವಾಗಲಿ, ಕುಂದುಕೊರತೆ ಹೇಳಿಕೊಳ್ಳಲು ಸಮಾನವಾದ ಸಭೆಯಾಗಲಿ ಇರಲಿಲ್ಲ.

ಪುಸ್ತಕ ಮಾಡಿದ ಕೆಲಸ

ಇಂತಹ ಜನರನ್ನು ಒಂದುಗೂಡಿಸಲು ಆಲೂರರಿಗೆ ದೊರೆತ ಸಾಧನವೆಂದರೆ ಚರಿತ್ರೆ. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿ, ಕಾನೂನು ಓದಿ, ಧಾರವಾಡದಲ್ಲಿ ನೆಲೆಸಿದ ಅವರನ್ನು 1905ರಲ್ಲಿ ಕಂಡ ಹಂಪಿಯ ಹಾಳು ಅಲುಗಾಡಿಸಿತು. ಅದೇ ವರ್ಷ ಬಂಗಾಳದ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಎದ್ದಿತ್ತು. ಬಂಗಾಳಿಗಳು ತಮ್ಮ ನಾಡು ಒಡೆದದ್ದಕ್ಕೆ ಸಿಡಿದೆದ್ದಿರುವಾಗ, ನೂರು ವರ್ಷಗಳಿಂದ ಒಡೆದೇ ಇರುವ ಕನ್ನಡಿಗರಿಗೆ ನೋವೇ ಆಗದಿರುವುದೇಕೆ? ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಮರೆವು. ಮರೆತವರಿಗೆ ನೆನಪು ಮಾಡಿಕೊಡಲೆಂದು ಅವರು ಶಾಸನಗಳನ್ನೂ ಇತಿಹಾಸ ಗ್ರಂಥಗಳನ್ನೂ ಶೋಧಿಸಿದರು. ವರ್ಷಗಳ ಶ್ರಮದ ಫಲವಾಗಿ ‘ಕರ್ನಾಟಕ ಗತವೈಭವ’ ಹೊರಬಂತು.

ಪುಸ್ತಕದ ಮಹತ್ವವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ನಾಡೊಂದರ ಚಿತ್ರವನ್ನು ಅದು ಓದುಗರ ಕಣ್ಣೆದುರು ನಿಲ್ಲಿಸಿತು. ರಾಜರ ಜೊತೆಗೆ ಶಿಲ್ಪ, ಸಾಹಿತ್ಯ, ಧರ್ಮಗಳ ಕಥೆಯನ್ನೂ ಹೇಳಿತು. 1890ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ತು ಇವುಗಳ ಪ್ರಯತ್ನಕ್ಕೆ ಅದು ಭಾವನೆಯ ಬಲ ತುಂಬಿತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡದ್ದು, 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದ ಸಮಯದಲ್ಲೇ ಕರ್ನಾಟಕ ಏಕೀಕರಣ ಸಮ್ಮೇಳನ ನಡೆದದ್ದು, ಈ ಎಲ್ಲ ಬೆಳವಣಿಗೆಗಳಿಗೆ ಬೇಕಾದ ಮನಸ್ಸನ್ನು ಹದಗೊಳಿಸಿದ ಕೃತಿಗಳಲ್ಲಿ ಇದು ಅಗ್ರಗಣ್ಯ. ಕನ್ನಡದ ಅಭಿಮಾನವು ಭಾರತದ ಅಭಿಮಾನಕ್ಕೆ ವಿರೋಧಿಯಲ್ಲ ಎಂದು ಆಲೂರರು ಕೊನೆಯವರೆಗೂ ಪ್ರತಿಪಾದಿಸಿದ್ದನ್ನೂ ಮರೆಯಬಾರದು.

ಹೀಗಿದ್ದೂ ಕುರುಡುಮಲೆಯ ಕಡೆಯಿಂದ ನೋಡುವ ಓದುಗನಿಗೆ ಮೂರು ಪ್ರಶ್ನೆಗಳು ಏಳುತ್ತವೆ.

ಯಾರ ವೈಭವ?

ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಎತ್ತರದ ಏಕಶಿಲೆಯ ಗಣಪತಿಯ ದೇಗುಲವಿದೆ. ಅದಕ್ಕೆ ಸಮೀಪದಲ್ಲೇ ಇನ್ನೂ ಹಳೆಯದಾದ ಸೋಮೇಶ್ವರ ದೇಗುಲವಿದೆ. ಅದರ ಒಂದು ಭಾಗವನ್ನು ಜಕಣಾಚಾರಿಯೂ ಇನ್ನೊಂದನ್ನು ಅವನ ಮಗ ಡಂಕಣಾಚಾರಿಯೂ ಕಡೆದರೆಂದು ಜನ ಹೇಳುತ್ತಾರೆ. ದೇವತೆಗಳು ಕೂಡಿದ ಬೆಟ್ಟವಾದ್ದರಿಂದ ಊರಿಗೆ ಮೊದಲು ‘ಕೂಡುಮಲೆ’ ಎಂಬ ಹೆಸರಿತ್ತೆಂಬುದೂ ಜನರ ನಂಬಿಕೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಬಾಗಿಲೆಂದ ಮೇಲೆ ಹೋಗುವವರೂ ಬರುವವರೂ ಇದ್ದೇ ಇರುತ್ತಾರೆ.

ಈ ಬಾಗಿಲಿನಲ್ಲಿ ಬಂದವರ ಪಟ್ಟಿ ಉದ್ದವಾಗಿದೆ. ಕೋಲಾರ ಗಂಗರ ಮೊದಲ ರಾಜಧಾನಿ. ಹನ್ನೊಂದನೆಯ ಶತಮಾನದಲ್ಲಿ ಅದನ್ನು ಚೋಳರು ಆಳಿದರು. ಅನಂತರ ಹೊಯ್ಸಳರು, ವಿಜಯನಗರದವರು, ವಿಜಾಪುರದವರು, ಮರಾಠರು ಬಂದರು. 1768ರಲ್ಲಿ ಇದೇ ಮುಳಬಾಗಿಲಿನ ಬಳಿ ಹೈದರಾಲಿಯ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವೂ ಕಾದಾಡಿದವು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಗೆ ಮೀಸಲು. ಅದನ್ನು ತೆರೆದರೆ ಕನ್ನಡದ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ತೆಲುಗು ಶಾಸನಗಳೂ ಸಿಗುತ್ತವೆ. ಅವುಗಳಲ್ಲಿ ರಾಜರ ಬಿರುದಾವಳಿಯಿದೆ ನಿಜ. ಆದರೆ ಬಿರುದು ಮುಗಿದ ಮೇಲೆ ಬರುವ ವಿಷಯವೆಂದರೆ ಕೆರೆ, ಗದ್ದೆ, ದೀಪಕ್ಕೆ ಎಣ್ಣೆ, ಊರಿಗಾಗಿ ಸತ್ತವನ ಮಕ್ಕಳಿಗೆ ಬಿಟ್ಟ ಭೂಮಿ.

ಇಲ್ಲಿಯೇ ಮೊದಲನೆಯ ಆಕ್ಷೇಪ. ವೈಭವದ ಚರಿತ್ರೆಯಲ್ಲಿ ನಾಡಿನ ಹಿರಿಮೆಯನ್ನು ಅಳೆಯುವ ಕೋಲು ಯಾವುದು? ಪುಲಕೇಶಿ ನರ್ಮದೆಯ ಬಳಿ ಹರ್ಷನನ್ನು ತಡೆದದ್ದು, ರಾಷ್ಟ್ರಕೂಟರ ಸೈನ್ಯ ಗಂಗಾ ಬಯಲನ್ನು ಮುಟ್ಟಿದ್ದು, ಯಾರ ರಾಜ್ಯ ಎಷ್ಟು ದೂರ ಹಬ್ಬಿತ್ತು ಎಂಬುದು. ಇದೇ ಕೋಲಿನಿಂದಲೇ ಅಂದಿನ ಬ್ರಿಟಿಷರೂ ತಮ್ಮನ್ನು ಅಳೆದುಕೊಳ್ಳುತ್ತಿದ್ದರು. ಸಾಮ್ರಾಜ್ಯದ ಅಡಿ ನಲುಗಿದವನು ‘ನಮಗೂ ಸಾಮ್ರಾಜ್ಯವಿತ್ತು’ ಎಂದು ಹೇಳಿಕೊಂಡು ಎದೆಯುಬ್ಬಿಸಿದರೆ ಧೈರ್ಯವೇನೋ ಬರುತ್ತದೆ. ಆದರೆ ಸಾಮ್ರಾಜ್ಯ ಎಂಬುದೇ ತಪ್ಪು ಎಂಬ ಅರಿವು ಅದರಿಂದ ಬರುವುದಿಲ್ಲ. ನಡುನಾಡಿನವನಿಗೆ ದಂಡಯಾತ್ರೆ ವಿಜಯದ ಕಥೆ. ಬಾಗಿಲ ಬಳಿ ಬಾಳುವವನಿಗೆ ಅದು ತುಳಿದುಹೋದ ಹೊಲದ ಕಥೆ. ನಮ್ಮ ರಾಜ ದಾಟಿದ ಪ್ರತಿ ಗಡಿಯ ಆಚೆಗೂ ಇನ್ನೊಬ್ಬರ ಕುರುಡುಮಲೆ ಇದ್ದಿರಲೇಬೇಕಲ್ಲವೇ?

ಯಾರಿಂದ ಬಿಡುಗಡೆ?

ಎರಡನೆಯ ಪ್ರಶ್ನೆ ಇನ್ನೂ ಗಡುಸಾದದ್ದು. ಆಲೂರರ ಧಾರವಾಡದಲ್ಲಿ ಆಳುವವನು ನೇರವಾಗಿ ಆಂಗ್ಲ. ಅಲ್ಲಿ ನಾವು ಯಾರು, ಅವರು ಯಾರು ಎಂಬುದು ಸ್ಪಷ್ಟ. ಮೈಸೂರು ಸಂಸ್ಥಾನದ ಮುಳಬಾಗಿಲಿನಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ಸಿಂಹಾಸನದ ಮೇಲೆ ಕನ್ನಡ ನಾಡಿನ ಮಹಾರಾಜರೇ ಇದ್ದರು. ಆದರೆ 1799ರ ಒಪ್ಪಂದದಂತೆ ಸಂಸ್ಥಾನವು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಿಸಬೇಕಾಗಿತ್ತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ಆಳಿದರು. 1881ರಲ್ಲಿ ಅಧಿಕಾರ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದೇಶೀಯ ಸಂಸ್ಥಾನಗಳಲ್ಲಿ ಅದು ಮುಂಚೂಣಿಯ ಹೆಜ್ಜೆ. ಆದರೂ ಆ ಸಭೆಗೆ ಅಹವಾಲು ಹೇಳುವ ಹಕ್ಕಿತ್ತೇ ವಿನಾ ಸರ್ಕಾರವನ್ನು ಇಳಿಸುವ ಹಕ್ಕಿರಲಿಲ್ಲ.

ಈ ಇಬ್ಬಂದಿಯನ್ನು ಕನ್ನಡದಲ್ಲಿ ಗಂಭೀರವಾಗಿ ಚಿಂತಿಸಿದವರಲ್ಲಿ ಮುಖ್ಯರು ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು. ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಅವರನ್ನು ಬಲ್ಲ ನಾವು, ಅವರು ಪತ್ರಿಕಾಸಂಪಾದಕರಾಗಿ, ಮೈಸೂರಿನ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ ದೇಶೀಯ ಸಂಸ್ಥಾನಗಳ ಪ್ರಶ್ನೆಯನ್ನು ದಶಕಗಳ ಕಾಲ ಚರ್ಚಿಸಿದರೆಂಬುದನ್ನು ಮರೆತಿದ್ದೇವೆ. ಬ್ರಿಟಿಷರು ಹೊರಟರೆ ಅವರ ಪರಮಾಧಿಕಾರ ಯಾರ ಕೈ ಸೇರಬೇಕು, ರಾಜರದೋ ಪ್ರಜೆಗಳದೋ? ಸಂಸ್ಥಾನದ ಪ್ರಜೆಗೂ ಬ್ರಿಟಿಷ್ ಪ್ರಾಂತದ ಪ್ರಜೆಗೂ ಒಂದೇ ರಾಷ್ಟ್ರದಲ್ಲಿ ಸಮಾನ ಹಕ್ಕು ಹೇಗೆ ದೊರೆಯಬೇಕು? ಗೋಖಲೆಯವರ ಮಾರ್ಗದ ಮಿತವಾದಿಯಾಗಿದ್ದ ಅವರು ಜವಾಬ್ದಾರಿ ಸರ್ಕಾರ, ರಾಜ್ಯಾಂಗ, ಪೌರಶಿಕ್ಷಣ ಇವುಗಳ ದಾರಿಯನ್ನು ತೋರಿದರು. ಆಲೂರರು ನೆನಪನ್ನು ಕೊಟ್ಟರೆ ಡಿವಿಜಿ ನಿಯಮವನ್ನು ಕೊಟ್ಟರು. ಗತವೈಭವದ ಪುಟಗಳಲ್ಲಿ ಸಿಗದ ಪಾಠವಿದು. ರಾಜ ನಮ್ಮವನೇ ಆಗಿದ್ದರೂ ಅವನ ಅಧಿಕಾರಕ್ಕೆ ಪ್ರಜೆಯ ಒಪ್ಪಿಗೆ ಬೇಕು.

ಈ ಪಾಠದ ಬೆಲೆಯನ್ನು ತೆತ್ತವರು ವಿದ್ವಾಂಸರಲ್ಲ, ಹಳ್ಳಿಯ ಜನ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಲ್ಲೇ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನ ರಾಷ್ಟ್ರಧ್ವಜವನ್ನು ಹಾರಿಸಲು ಸೇರಿದರು. ಏಪ್ರಿಲ್ 25ರಂದು ಅವರ ಮೇಲೆ ಗುಂಡು ಹಾರಿತು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು; ಮೂವತ್ತಕ್ಕೂ ಹೆಚ್ಚು ಎಂದು ಜನ ಎಣಿಸಿದರು. ಗುಂಡು ಹಾರಿಸಿದವರು ಆಂಗ್ಲ ಸೈನಿಕರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಆ ಸುದ್ದಿ ದೇಶವನ್ನೇ ಕದಲಿಸಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು.

ಅಂದಿನಿಂದ ಒಂಬತ್ತು ವರ್ಷಗಳ ನಂತರ ಬಂದ 1947ರ ಆಗಸ್ಟ್ 15 ಸಹ ಮೈಸೂರಿನ ಪ್ರಜೆಗೆ ಪೂರ್ಣ ಬಿಡುಗಡೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರಾದ ಕೆ. ಸಿ. ರೆಡ್ಡಿಯವರು ಮೊದಲ ಜನತಾ ಮಂತ್ರಿಮಂಡಲವನ್ನು ರಚಿಸಿದರು. ಹೈದರಾಬಾದಿನ ಕನ್ನಡಿಗರಂತೂ 1948ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಹೊರಗಿನವನನ್ನು ಕಳುಹಿಸುವುದು ಬಿಡುಗಡೆಯ ಅರ್ಧ ಮಾತ್ರ. ನಮ್ಮವನೇ ಆದ ಆಳುವವನನ್ನು ಪ್ರಶ್ನಿಸುವ ಹಕ್ಕು ಇನ್ನರ್ಧ. ವೈಭವದ ಚರಿತ್ರೆ ಈ ಇನ್ನರ್ಧದ ಬಗ್ಗೆ ಮೌನವಾಗಿರುತ್ತದೆ. ಅದರಲ್ಲಿ ರಾಜ ಹೊಗಳಿಕೆಗೆ ಪಾತ್ರನೇ ಹೊರತು ಲೆಕ್ಕ ಒಪ್ಪಿಸಬೇಕಾದವನಲ್ಲ.

ಯಾವುದರಿಂದ ಐಕ್ಯ?

ಮೂರನೆಯ ಪ್ರಶ್ನೆ ಏಕೀಕರಣದ್ದು. 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಫಜಲ್ ಅಲಿ ಆಯೋಗದ ವರದಿಯ ನಂತರ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರಾಯಿತು. ಈ ಐಕ್ಯಕ್ಕೆ ಹಳೆಯ ಮೈಸೂರಿನಲ್ಲಿಯೇ ವಿರೋಧವಿತ್ತು ಎಂಬುದನ್ನು ಇಂದು ನಾವು ಹೇಳಿಕೊಳ್ಳುವುದಿಲ್ಲ. ಮುಂದುವರಿದ ಸಂಸ್ಥಾನ ಹಿಂದುಳಿದ ಜಿಲ್ಲೆಗಳ ಭಾರವನ್ನು ಏಕೆ ಹೊರಬೇಕು ಎಂದು ಕೇಳಿದವರಿದ್ದರು. ಅವರಿಗೂ ಗತವೈಭವ ಗೊತ್ತಿತ್ತು. ಆದರೆ ತಾತನ ಆಸ್ತಿಯ ಕಥೆ ಕೇಳಿ ಆನಂದಿಸಿದ ಅಣ್ಣತಮ್ಮಂದಿರು ಊಟದ ಹೊತ್ತಿಗೆ ಬೇರೆಬೇರೆ ಒಲೆ ಹೂಡುವಂತೆ, ಹಂಚಿಕೊಳ್ಳುವ ಮಾತು ಬಂದಾಗ ವೈಭವದ ನೆನಪು ನೆರವಿಗೆ ಬರಲಿಲ್ಲ. ಕೆಂಗಲ್ ಹನುಮಂತಯ್ಯನವರಂತಹ ನಾಯಕರು, ಕುವೆಂಪು ಅವರಂತಹ ಸಾಹಿತಿಗಳು ವಿರೋಧವನ್ನು ಲೆಕ್ಕಿಸದೆ ಏಕೀಕರಣದ ಪರವಾಗಿ ನಿಲ್ಲಬೇಕಾಯಿತು.

ಕೋಲಾರದ ಸಂಗತಿ ಇನ್ನೂ ವಿಶೇಷವಾದದ್ದು. ಜಿಲ್ಲೆಯ ದೊಡ್ಡ ಪಾಲಿನ ಜನರ ಮನೆಮಾತು ತೆಲುಗು. ಚಿನ್ನದ ಗಣಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳರು. ಪೇಟೆಗಳಲ್ಲಿ ಉರ್ದು. ಮನೆಮಾತೊಂದೇ ಅಳತೆಯಾಗಿದ್ದರೆ ಗಡಿ ಬೇರೆಲ್ಲೋ ಬೀಳಬೇಕಾಗಿತ್ತು. ಆದರೂ ಜಿಲ್ಲೆ ಕರ್ನಾಟಕದಲ್ಲಿಯೇ ಉಳಿಯಿತು. ಒಂದೇ ಕಚೇರಿ, ಒಂದೇ ಶಾಲೆ, ಒಂದೇ ಸಂತೆ, ತಲೆಮಾರುಗಳ ಕೊಡುಕೊಳ್ಳುವಿಕೆ ಇವುಗಳ ನಂಟನ್ನು ಜನ ಕಡಿದುಕೊಳ್ಳಲಿಲ್ಲ. ಮನೆಯಲ್ಲಿ ತೆಲುಗು, ಅರ್ಜಿಯಲ್ಲಿ ಕನ್ನಡ, ವ್ಯಾಪಾರದಲ್ಲಿ ಎರಡೂ. ಇದು ಯಾವ ರಾಜನೂ ಗೆದ್ದು ಕೊಟ್ಟ ಐಕ್ಯವಲ್ಲ. ಗತವೈಭವದ ಭೂಪಟದಲ್ಲಿ ಇದನ್ನು ಗುರುತಿಸುವ ಬಣ್ಣವೇ ಇಲ್ಲ.

ಮನೆಯಲ್ಲಿ ತಮಿಳಾಡುತ್ತಿದ್ದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಆಸ್ತಿಯಾದದ್ದು ಈ ಮಣ್ಣಿಗೆ ತಕ್ಕುದೇ. ರಾಜ್ಯ ಒಂದಾದ ಅದೇ 1956ರಲ್ಲಿ ಅವರ ‘ಚಿಕವೀರ ರಾಜೇಂದ್ರ’ ಪ್ರಕಟವಾಯಿತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಕಥೆ ಅದು. ಅದರಲ್ಲಿ ಕಂಪನಿಯವರ ಕುತಂತ್ರವಿದೆ. ಆದರೆ ಮಾಸ್ತಿಯವರು ಅಲ್ಲಿಗೇ ನಿಲ್ಲುವುದಿಲ್ಲ. ದುರಾಚಾರದ ರಾಜ, ಸಂಯಮವೂ ಸಂಕಟವೂ ಕೂಡಿದ ಮಂತ್ರಿಗಳು, ಮಾನ ಕಳೆದುಕೊಂಡ ಮನೆಗಳು, ಇವೆಲ್ಲ ಸೇರಿ ಪರಕೀಯನಿಗೆ ಬಾಗಿಲು ತೆರೆದುಕೊಟ್ಟದ್ದನ್ನು ತೋರಿಸುತ್ತಾರೆ. ಒಂದು ನಾಡು ಏಕೆ ಸೋತಿತು ಎಂದು ಕೇಳುವ ಈ ಕಾದಂಬರಿ, ಒಂದು ನಾಡು ಎಷ್ಟು ಗೆದ್ದಿತ್ತು ಎಂದು ಹೇಳುವ ಗತವೈಭವಕ್ಕೆ ಅಗತ್ಯವಾದ ಜೊತೆ ಓದು. ಮೊದಲನೆಯದು ಆತ್ಮವಿಶ್ವಾಸ ಕೊಡುತ್ತದೆ, ಎರಡನೆಯದು ಆತ್ಮಪರಿಶೋಧನೆಗೆ ಹಚ್ಚುತ್ತದೆ.

ಎರಡು ನೆನಪುಗಳು

ಪವಿತ್ರ ಬೈಬಲ್ಲನ್ನು ಓದುವ ನಮ್ಮ ಕುಟುಂಬಗಳಿಗೆ ಈ ವ್ಯತ್ಯಾಸ ಹೊಸದೇನಲ್ಲ. ಸೊಲೊಮೋನನ ವೈಭವವನ್ನು ಬೈಬಲ್ ಮರೆಮಾಚುವುದಿಲ್ಲ. ಆದರೆ ಅದರ ಹಿಂದೆ ಬಿಟ್ಟಿ ದುಡಿಮೆಯಿತ್ತೆಂಬುದನ್ನೂ, ಆ ನೊಗವನ್ನು ಹಗುರಗೊಳಿಸಲು ಅವನ ಮಗ ರೆಹಬ್ಬಾಮನು ಒಪ್ಪದಿದ್ದಾಗ ಹತ್ತು ಕುಲಗಳು ಬೇರೆಯಾದುವೆಂಬುದನ್ನೂ ಅರಸರ ಗ್ರಂಥ ಹೇಳುತ್ತದೆ. ವೈಭವವೇ ಐಕ್ಯವನ್ನು ಒಡೆದ ಕಥೆಯಿದು. ಇಸ್ರಯೇಲರನ್ನು ಒಂದು ಜನಾಂಗವಾಗಿ ಕಟ್ಟಿದ ನೆನಪು ಬೇರೆಯೇ. ಅದು ಈಜಿಪ್ಟಿನ ದಾಸ್ಯದ ನೆನಪು. ನೀವೂ ಒಮ್ಮೆ ಪರದೇಶಿಗಳಾಗಿದ್ದಿರಿ, ಆದ್ದರಿಂದ ನಿಮ್ಮ ನಡುವಿನ ಪರದೇಶಿಯನ್ನು ನೋಯಿಸಬೇಡಿ ಎಂಬ ಆಜ್ಞೆ ಆ ನೆನಪಿನಿಂದಲೇ ಹುಟ್ಟಿತು.

ಆಲೂರರ ಕೃತಿಯ ಮಿತಿಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಇದು: ಅದು ಕನ್ನಡಿಗರಿಗೆ ಮೊದಲ ಬಗೆಯ ನೆನಪನ್ನು ಕೊಟ್ಟಿತು, ಎರಡನೆಯದನ್ನು ಕೊಡಲಿಲ್ಲ. 1917ರಲ್ಲಿ, ತಲೆ ತಗ್ಗಿಸಿ ಬಾಳುತ್ತಿದ್ದ ಜನರಿಗೆ ಮೊದಲು ಬೇಕಾದದ್ದು ತಲೆಯೆತ್ತುವ ಧೈರ್ಯವೇ ಆದ್ದರಿಂದ ಅದನ್ನು ದೋಷವೆನ್ನಲಾಗದು. ಆದರೆ ರಾಜ್ಯವನ್ನು ಪಡೆದು ಏಳು ದಶಕಗಳಾಗಿರುವ ನಾವು ಇನ್ನೂ ಅಷ್ಟರಲ್ಲೇ ತೃಪ್ತರಾದರೆ ದೋಷ ನಮ್ಮದು. ತಮ್ಮದೇ ಭಾಷೆಗೆ ಕಚೇರಿಯಲ್ಲಿ ಜಾಗವಿಲ್ಲದೆ ಮರಾಠಿ, ಉರ್ದು, ಇಂಗ್ಲಿಷುಗಳ ಮುಂದೆ ತಡವರಿಸಿದ ಅಜ್ಜಂದಿರ ಮೊಮ್ಮಕ್ಕಳು ನಾವು. ಆ ಅವಮಾನ ನೆನಪಿದ್ದರೆ, ಇಂದು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ತೆಲುಗಿನಲ್ಲೋ ತಮಿಳಿನಲ್ಲೋ ತಡವರಿಸುವ ಮುದುಕಿಯನ್ನು ನಾವು ಗದರುವುದಿಲ್ಲ. ಕನ್ನಡದಲ್ಲಿ ಅವಳ ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆ. ಕನ್ನಡ ಬೆಳೆಯುವುದೂ ಹಾಗೆಯೇ.

ಆದ್ದರಿಂದ ‘ಕರ್ನಾಟಕ ಗತವೈಭವ’ವನ್ನು ಮನೆಗೆ ತನ್ನಿ, ಮಕ್ಕಳಿಗೆ ಓದಿ ಹೇಳಿ. ಅದರ ಪಕ್ಕದಲ್ಲೇ ಮಾಸ್ತಿಯವರ ಕಾದಂಬರಿಯನ್ನೂ ಇಡಿ. ಡಿವಿಜಿಯವರನ್ನು ಕಗ್ಗದಾಚೆಗೂ ಓದಿ. ಸಾಧ್ಯವಾದರೆ ಒಂದು ಭಾನುವಾರ ಮಧ್ಯಾಹ್ನ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದೊಯ್ದು, ಸ್ಮಾರಕದಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಿ. ಅವು ಯಾವ ರಾಜವಂಶಕ್ಕೂ ಸೇರಿದ ಹೆಸರುಗಳಲ್ಲ.